ಹೆಪ್ಪುಗಟ್ಟಿದ ಇಂಜೆಕ್ಷನ್

ಇಂಜೆಕ್ಷನ್ ಹಾಕಿಕೊಳ್ಳಬೇಕಾದ ದಿನ ಬೆಳಿಗ್ಗೆ ಫ್ರಿಜ್ ತೆರೆದರೆ, ಹಾಲಿನ ಪಾತ್ರೆಯ ಪಕ್ಕದಲ್ಲಿರಬೇಕಾದ ಔಷಧದ ಡಬ್ಬಿ ಇರಲಿಲ್ಲ. ಅವಳು ತರಕಾರಿ ಸರಿಸಿ ನೋಡಿದಳು. ಕೊನೆಗೆ ಮೇಲಿನ ಫ್ರೀಜರ್ ತೆರೆದಳು. ಐಸ್ ಟ್ರೇಯ ಕೆಳಗೆ ಡಬ್ಬಿ ಕಲ್ಲಿನ ಹಾಗೆ ಕೂತಿತ್ತು. ಒಳಗಿನ ಔಷಧ ಬೆಳ್ಳಗೆ ಗಟ್ಟಿಯಾಗಿತ್ತು.

"ಇದನ್ನ ಇಲ್ಲಿ ಯಾರು ಇಟ್ಟಿದ್ದು?"

"ನಾನೇ," ಎಂದ ಗಂಡ, ಶೂ ದಾರ ಕಟ್ಟುತ್ತಾ. ಅವನು ಮೀನಿನ ಶೀತಲ ಗೋದಾಮಿನಲ್ಲಿ ಮೇಸ್ತ್ರಿ. "ನಿನ್ನೆ ಕರೆಂಟು ಹೋಗಿ ಬಂದು ಮಾಡ್ತಿತ್ತು. ಅಷ್ಟು ಕಷ್ಟದಲ್ಲಿ ಸಿಕ್ಕಿದ ಔಷಧ, ಕೆಟ್ಟು ಹೋದ್ರೆ? ಐಸ್ ಗಡ್ಡೆ ಕಟ್ಟಿದ್ದು ಕೆಡಲ್ಲ ಕಣೆ. ಹುಟ್ಟಿದಾಗಿಂದ ಅದೇ ಕೆಲಸ ನಂದು."

"ಅದು ಮೀನಿಗೆ."

"ಮೀನಿಗಾದ್ರೇನು, ಮದ್ದಿಗಾದ್ರೇನು. ಬಿಸಿನೀರಲ್ಲಿಟ್ರೆ ಈಗಲೇ ಕರಗುತ್ತೆ, ಚುಚ್ಕೊಂಡ್ಬಿಡು."

"ಫ್ರೀಜರಲ್ಲಿ ಇಡಬೇಡಿ ಅಂತ ಡಬ್ಬಿ ಮೇಲೆ ದಪ್ಪಕ್ಷರದಲ್ಲಿದೆ. ಓದಿದ್ರಾ?"

"ತಣ್ಣಗಿಡಿ ಅಂತ ತಾನೇ? ಇನ್ನೂ ತಣ್ಣಗಿಟ್ಟೆ."

ಅವಳು ಡಬ್ಬಿಯನ್ನು ಮೇಜಿನ ಮೇಲೆ ಕುಕ್ಕಿದಳು. ಚಿಕ್ಕಂದಿನಿಂದ ಅವಳಿಗೆ ಮೊಣಕೈ ಮಡಿಕೆಯಲ್ಲಿ, ಕತ್ತಿನ ಹಿಂದೆ, ಮಂಡಿಯ ಹಿಂಬದಿಯಲ್ಲಿ ತುರಿಕೆ. ಅಮ್ಮ ಕೈಗೆ ಕಾಲ್ಚೀಲ ಕಟ್ಟಿ ಮಲಗಿಸುತ್ತಿದ್ದಳು. ಟೀಚರು ಹಿಂದಿನ ಬೆಂಚಿಗೆ ಕಳಿಸಿದ್ದರು. ಹೊಲಿಗೆ ಕಲಿತ ಮೇಲೆ ಗೀರಿದ ಚರ್ಮದ ರಕ್ತ ಬಟ್ಟೆಗೆ ತಾಗುತ್ತದೆಂದು ಬಿಳಿ ಬಟ್ಟೆಯ ಕೆಲಸವನ್ನೇ ಒಪ್ಪಿಕೊಳ್ಳುತ್ತಿರಲಿಲ್ಲ. ಈ ಇಂಜೆಕ್ಷನ್ ಶುರುವಾದ ಮೇಲೆ ಅವಳಿಗೆ ನಿದ್ದೆ ಅಂದರೇನು ಅಂತ ಗೊತ್ತಾಗಿತ್ತು. ತುರಿಸು ಅಂತ ನರಕ್ಕೆ ಹೋಗುವ ಸಂದೇಶವನ್ನು ಇದರಲ್ಲಿರುವ ಆ್ಯಂಟಿಬಾಡಿ ದಾರಿಯಲ್ಲೇ ತಡೆಯುತ್ತದೆ ಎಂದಿದ್ದರು ಡಾಕ್ಟರು. ಅದು ಪ್ರೋಟೀನು, ಹೆಪ್ಪುಗಟ್ಟಿದರೆ ಮುರಿಯುತ್ತದೆ, ಕರಗಿಸಿದರೂ ಸರಿಹೋಗುವುದಿಲ್ಲ ಎಂದೂ ಹೇಳಿದ್ದರು. ಆಗ ಗಂಡ ಪಕ್ಕದಲ್ಲೇ ಕೂತು ಫೋನ್ ನೋಡುತ್ತಿದ್ದ.

ಅತ್ತೆ ಒಳಗಿನಿಂದ ಬಂದರು. "ಮೀನಿನ ಜೊತೆ ಸಂಸಾರ ಮಾಡಿ ಮಾಡಿ ಇವನಿಗೆ ಹೆಂಡ್ತಿನೂ ಮೀನೇ ಆಗಿದ್ದಾಳೆ," ಎಂದು ಮಗನನ್ನು ಮಾತಲ್ಲೇ ಚುಚ್ಚಿ, ಸೊಸೆಯ ಕಡೆ ತಿರುಗಿದರು. "ಹೋಗ್ಲಿ ಬಿಡಮ್ಮ. ಇನ್ನೊಂದು ಸಿಗೋ ತನಕ ತಡ್ಕೊ. ಇಷ್ಟು ವರ್ಷ ತಡ್ಕೊಂಡಿಲ್ವಾ?"

"ಅತ್ತೆ, ತಡ್ಕೊಂಡಿರ್ಲಿಲ್ಲ. ಬೇರೆ ದಾರಿ ಇರ್ಲಿಲ್ಲ."

ಅವಳು ಆಸ್ಪತ್ರೆಗೆ ಫೋನ್ ಮಾಡಿದಳು. ಗಂಡ ಪಿಸುಗುಟ್ಟಿದ, "ಫ್ರಿಜ್ಜೇ ಕೆಟ್ಟಿತ್ತು ಅನ್ನು. ನಮ್ಮದೇ ತಪ್ಪು ಅಂದ್ರೆ ಇನ್ನೊಂದು ಕೊಡ್ತಾರೋ ಇಲ್ವೋ."

ನರ್ಸ್ ಆ ಇಂಜೆಕ್ಷನ್ ಬೇಡ, ಬಿಸಾಡಿ ಎಂದಳು. ಹೊಸದು ಮಂಜೂರಾಗಲು ವಾರಗಳು ಹಿಡಿಯಬಹುದು. ಅಷ್ಟರಲ್ಲಿ ತುರಿಕೆ ಮರಳಬಹುದು. "ಹೇಗಾಯ್ತು ಇದು?" ಎಂದು ನರ್ಸ್ ಕೇಳಿದಳು.

ಅವಳು ಫೋನನ್ನು ಗಂಡನ ಮುಂದೆ ಹಿಡಿದಳು. "ನೀವೇ ಹೇಳಿ."

ಅವನು ತಾಯಿಯ ಮುಖ ನೋಡಿದ. ತಾಯಿ ಗೋಡೆ ನೋಡಿದರು.

"ಫ್ರಿಜ್ ಚೆನ್ನಾಗೇ ಇದೆ ಸಿಸ್ಟರ್," ಎಂದ ಕೊನೆಗೆ. "ನಾನೇ ಫ್ರೀಜರಲ್ಲಿಟ್ಟೆ. ಅವಳನ್ನ ಕೇಳಲಿಲ್ಲ."

ಅತ್ತ ನರ್ಸ್ ಏನೋ ಹೇಳುತ್ತಿದ್ದಳು. ಅವನು ಹೂಂಗುಟ್ಟುತ್ತಾ ಕೇಳಿದ. ಫೋನ್ ಇಟ್ಟು, "ಹೊಸದರ ಅರ್ಜಿಗೆ ಡಾಕ್ಟರ ಹತ್ರ ಸಹಿ ಹಾಕಿಸ್ಕೊಂಡು ಬರ್ಬೇಕಂತೆ," ಎಂದ. "ನೀನು ಹೋಗ್ತೀಯಲ್ಲ? ನಂಗೆ ಗೋದಾಮಿಗೆ ಹೊತ್ತಾಯ್ತು."

"ನೀವು ಹೋಗಿ. ಇವತ್ತು ರಜೆ ಹಾಕಿ."

"ಅಲ್ಲಿ ಸಾಲಿನಲ್ಲಿ ಎಷ್ಟೊತ್ತು ಕೂರ್ಬೇಕೋ."

"ನನಗೆ ಗೊತ್ತು. ಹೋಗಿ ಕೂತು ನೋಡಿ."

ಅವನು ಆಸ್ಪತ್ರೆಗೆ ಹೊರಟ. ಬಾಗಿಲಲ್ಲಿ ನಿಂತು, ಇನ್ನೂ ಕೋಪ ಇದೆಯಾ ಎಂದು ಕೇಳಿದ. ಇದೆ ಎಂದಳು. ಅದನ್ನು ಇಳಿಸಿಕೊಳ್ಳುವ ಅವಸರ ಅವಳಿಗೆ ಇರಲಿಲ್ಲ.