ನುಂಗುವ ಗುಂಡಿ

ಹುಲ್ಲು ಕೊಯ್ದು ಒಟ್ಟುವ ಆಗಸ್ಟ್ ತಿಂಗಳು. ಬೆಳಗಿನ ಹಾಲು ಕರೆದು ಆಗಷ್ಟೇ ಮುಗಿದಿತ್ತು. ಸತ್ತು ಹುಟ್ಟಿದ ಕರುವನ್ನು ಗೋಣಿಯ ಮೇಲೆ ಹಾಕಿ ಮಲಾಕಿ ಮೇಲಿನ ಹೊಲಕ್ಕೆ ಎಳೆದುಕೊಂಡು ಹೊರಟ. ಅವನ ಹೆಂಡತಿ ಡೀಲಿಯಾ ಅಡುಗೆಮನೆಯ ಕಿಟಕಿಯಿಂದ ನೋಡುತ್ತಿದ್ದಳು. ಅದರಲ್ಲಿ ಹೊಸದೇನೂ ಇರಲಿಲ್ಲ. ಹೊಲದ ಮೂಲೆಯಲ್ಲಿ ಸುಣ್ಣಕಲ್ಲು ಬಾಯಿಬಿಟ್ಟಿತ್ತು. ಹರಿದು ಬಂದ ಹಳ್ಳವೆಲ್ಲ ಅಲ್ಲೇ ನೆಲದೊಳಗೆ ಇಳಿದುಹೋಗುತ್ತಿತ್ತು. ನುಂಗುವ ಗುಂಡಿ ಎಂದೇ ಅದರ ಹೆಸರು. ಸತ್ತ ಕುರಿ, ಕೊಟ್ಟಿಗೆ ತೊಳೆದ ನೀರು, ಮುರಿದ ಮಂಚ, ಎಲ್ಲವನ್ನೂ ಊರಿನವರು ಅದರ ಬಾಯಿಗೇ ಹಾಕುತ್ತಿದ್ದರು. ಅಜ್ಜಂದಿರ ಕಾಲದಿಂದ ನಡೆದು ಬಂದದ್ದು. ಈಗ ಕಂಟ್ರಾಕ್ಟರ್ ಲೋರ್ಕನ್ ಪಕ್ಕದ ದಿಣ್ಣೆಯ ಮೇಲೆ ಏಳು ಮನೆ ಕಟ್ಟಿಸುತ್ತಿದ್ದ. ಅವುಗಳ ಕಕ್ಕಸಿನ ಕೊಳವೆಯನ್ನೂ ಗುಂಡಿಗೇ ಬಿಡಲು ಮಲಾಕಿ ಒಪ್ಪಿಬಿಟ್ಟಿದ್ದ.

"ಅಲ್ಲಿ ಹಾಕಿದ್ದೆಲ್ಲ ಎಲ್ಲಿಗೆ ಹೋಗುತ್ತೆ ಮಾವ?" ತಿಂಡಿಗೆ ಕೂತಾಗ ಸೊಸೆ ಗ್ರಾನ್ಯಾ ಕೇಳಿದಳು.

"ಸಮುದ್ರಕ್ಕೆ."

"ಯಾರಾದ್ರೂ ನೋಡಿದಾರಾ?"

"ನೀನೇ ಇಳಿದು ನೋಡ್ಕೊಂಡು ಬಾರಮ್ಮ. ಹಗ್ಗ ಬೇಕಾದ್ರೆ ನಾನು ಹಿಡ್ಕೋತೀನಿ."

ಮಗ ಫಿಂಟನ್ ಬ್ರೆಡ್ಡಿಗೆ ಬೆಣ್ಣೆ ಸವರುತ್ತ ನಕ್ಕ. ಅಜ್ಜನ ತೊಡೆಯ ಮೇಲೆ ಕೂತಿದ್ದ ಪುಟ್ಟ ಊನಾಳೂ ಅರ್ಥವಾಗದೆಯೇ ನಕ್ಕಳು.

ಆ ವಾರವೇ ಊರಿನ ಸಂತನ ದಿನ ಬಂತು. ದಿಣ್ಣೆಯ ಕೆಳಗೆ ನೆಲದಿಂದ ಉಕ್ಕುವ ಸಂತನ ಬಾವಿಯ ನೀರನ್ನು ಅಂದು ಮಕ್ಕಳಿಗೆ ಕುಡಿಸಿದರೆ ಮೈ ಗಟ್ಟಿಯಾಗುತ್ತದೆಂದು ನಂಬಿಕೆ. ಆದರೆ ಅದನ್ನು ಒಲೆಗಿಡುವ ಹಾಗಿಲ್ಲ. ಹಿಂದಿನ ದಿನ ಜೋರು ಮಳೆ ಬಂದಿತ್ತು.

"ಒಂದು ಕುದಿ ಕುದಿಸಿ ಕೊಡೋಣ ಮಾವ," ಎಂದಳು ಗ್ರಾನ್ಯಾ.

"ಸಂತನ ನೀರನ್ನ ಕುದಿಸೋದಾ? ನಿಮ್ಮ ಲಿಮರಿಕ್ ಪಟ್ಟಣದಲ್ಲಿ ದೇವರನ್ನೂ ಕುದಿಸೇ ತಿಂತೀರೇನೋ!"

ಮಲಾಕಿ ಬೊಗಸೆಯಲ್ಲಿ ನೀರು ಮೊಗೆದು ಮೊಮ್ಮಗಳ ತುಟಿಗೆ ಹಿಡಿದ. ಮಗು ಕುಡಿದು, ಇನ್ನೂ ಬೇಕೆಂದು ಅವನ ಹೆಬ್ಬೆರಳು ಎಳೆಯಿತು.

ಮೂರನೆಯ ದಿನ ಭೇದಿಯಲ್ಲಿ ರಕ್ತ ಬಿತ್ತು. ಗಾಲ್ವೇ ಆಸ್ಪತ್ರೆಗೆ ಒಯ್ಯುವಷ್ಟರಲ್ಲಿ ಮಗುವಿಗೆ ಮೂತ್ರ ನಿಂತುಹೋಗಿತ್ತು. ಸೆಗಣಿ ಸೇರಿದ ನೀರು ಹೊಟ್ಟೆಗೆ ಹೋಗಿದೆ, ಮೂತ್ರಪಿಂಡ ಕೆಟ್ಟಿದೆ ಎಂದರು ಡಾಕ್ಟರು. ಊನಾ ಮನೆಗೆ ಬಂದದ್ದು ಬಿಳಿಯ ಪೆಟ್ಟಿಗೆಯಲ್ಲಿ.

"ಆಸ್ಪತ್ರೆಯವರು ಸಾವಿರ ಹೇಳ್ತಾರೆ. ಸಂತನ ನೀರಿಗೆ ದೋಷ ಹಚ್ಚಬೇಡಿ," ಎಂದ ಮಲಾಕಿ. ಒಪ್ಪಿಕೊಂಡರೆ ಆ ನೀರು ಕುಡಿಸಿದ ಬೊಗಸೆ ತನ್ನದೇ ಎಂದು ಒಪ್ಪಿಕೊಳ್ಳಬೇಕಲ್ಲ ಮನುಷ್ಯ. ಅವನ ಸಂಕಟ ಡೀಲಿಯಾಳಿಗೆ ಗೊತ್ತಾಗುತ್ತಿತ್ತು. ಆದರೆ ಕರು ಬಿದ್ದ ಗುಂಡಿ ಮೇಲಿದೆ, ಬಾವಿ ಕೆಳಗಿದೆ ಎಂಬುದೂ ಮನಸ್ಸಿನಿಂದ ಹೋಗಲಿಲ್ಲ.

ಅಕ್ಟೋಬರಿನ ಮಳೆ ಹಿಡಿದಾಗ ಅವಳು ಓಟ್ಸಿನ ಹೊಟ್ಟಿನ ಮೂಟೆಯೊಂದನ್ನು ಗುಂಡಿಗೆ ಸುರಿದಳು. ಮಾರನೆಯ ದಿನ ಗಂಡನನ್ನು ಬಾವಿಗೆ ಕರೆದೊಯ್ದಳು. ನೀರಿನ ಮೇಲೆ ಹೊಟ್ಟು ಕೆನೆಯ ಹಾಗೆ ಕಟ್ಟಿತ್ತು.

"ಗಾಳಿಗೆ ಬಂದಿರ್ಬೇಕು," ಎಂದ ಮಲಾಕಿ. ಅವಳ ಮುಖ ನೋಡಲಿಲ್ಲ.

ಲೋರ್ಕನ್ ಕೊಳವೆ ಹೂಳಲು ಯಂತ್ರ ತಂದಾಗ ಡೀಲಿಯಾ ಗುಂಡಿಯ ಮುಂದೆ ನಿಂತಿದ್ದಳು. ಆ ಹೊಲ ಅವಳಿಗೆ ಅಪ್ಪನಿಂದ ಬಂದದ್ದು.

"ಊರೆಲ್ಲ ಹಾಕುತ್ತೆ ಡೀಲಿಯಮ್ಮ. ನನ್ನದೊಂದೇ ನಾತವಾ?"

"ಇನ್ಮೇಲೆ ಊರಿನದೂ ಇಲ್ಲ, ನಿಂದೂ ಇಲ್ಲ. ಈ ಮನೆಯದಂತೂ ಇಲ್ವೇ ಇಲ್ಲ."

"ಮಲಾಕಿ ಮಾತು ಕೊಟ್ಟಿದಾನೆ!"

"ಹೊಲ ಅವನದಲ್ಲ. ನಿನ್ನ ಏಳು ಮನೇಲೂ ನಾಳೆ ಮಕ್ಕಳು ಹುಟ್ತಾವೆ ಲೋರ್ಕನ್. ಅವಕ್ಕೆ ಕುಡಿಯೋಕೆ ಯಾವ ನೀರು ಕೊಡ್ತೀಯ? ಮೊದಲು ಹೊಲಸು ಸೋಸೋ ತೊಟ್ಟಿ ಕಟ್ಟು, ಆಮೇಲೆ ಮನೆ ಕಟ್ಟು."

"ಊರ ಮುಂದೆ ನನ್ನ ಮಾನ ಕಳೀತಿದೀಯ, ಸರಿ," ಎಂದ ಮಲಾಕಿ ಹಿಂದಿನಿಂದ. "ಅಂದ್ರೆ ನಾನೇ ಮಗೂನ..."

"ನೀನೊಬ್ಬನೇ ಅಲ್ಲ. ನಾವೆಲ್ಲ," ಎಂದಳು ಡೀಲಿಯಾ. ಅವನು ಕೇಳಿಸಿಕೊಂಡನೋ ಇಲ್ಲವೋ.

ಯಂತ್ರ ಹಿಂದಕ್ಕೆ ಹೋಯಿತು. ಗ್ರಾನ್ಯಾ ಅತ್ತೆಯ ಜೊತೆ ಗೂಟ ಹೊಡೆದು ಗುಂಡಿಯ ಸುತ್ತ ತಂತಿ ಕಟ್ಟಿದಳು. ಫಿಂಟನ್ನೂ ಸುತ್ತಿಗೆ ಎತ್ತಿಕೊಂಡ. ಮಲಾಕಿ ಮಾತ್ರ ಕೋಟು ಹಾಕಿಕೊಂಡು ಅಣ್ಣನ ಮನೆಗೆ ಹೊರಟುಹೋದ. ತೀರಿಕೊಂಡವರಿಗೆ ಊರೆಲ್ಲ ಮೇಣದಬತ್ತಿ ಹಚ್ಚುವ ನವೆಂಬರಿನ ದಿನ ಅದು. ಊನಾಳಿಗೆ ಹಚ್ಚುವುದಕ್ಕೂ ಅವನು ನಿಲ್ಲಲಿಲ್ಲ.