ಕೆಂಪು ಪಟ್ಟಿ ಕಟ್ಟಿದ ಹನ್ನೆರಡನೇ ಗಿಡ

ದರ್ಜಿಯಮ್ಮನ ಕೈಯಿಂದ ಕತ್ತರಿ ಕಿತ್ತುಕೊಳ್ಳೋದು ಅಂದ್ರೆ ಹುಡುಗಾಟವಾ? ನಲವತ್ತು ವರ್ಷ ಊರಿನವರ ಬಟ್ಟೆ ಕತ್ತರಿಸಿದ ಕೈ ಅದು. ಆದರೂ ಕಾಡು ಚೊಕ್ಕಟ ಮಾಡೋ ಸ್ವಯಂಸೇವಕರ ಗುಂಪು ಪೊದೆ ಕಡಿಯೋ ಕತ್ತರಿ ಕಿತ್ತುಕೊಂಡು, ಒಂದು ತಿಂಗಳಿಂದ ಅವಳಿಗೆ ಕಡಿದ ಕೊಂಬೆ ಎಳೆಯೋ ಕೆಲಸ ಮಾತ್ರ ಕೊಟ್ಟಿತ್ತು.

ತಪ್ಪು ಅವಳದೇ, ಇಲ್ಲ ಅನ್ನೋ ಹಾಗಿಲ್ಲ. ಆ ಸರ್ಕಾರಿ ಕಾಡಲ್ಲಿ ಹೊರಗಿನಿಂದ ಬಂದು ಹಬ್ಬಿದ ಮುಳ್ಳುಪೊದೆ ಮಾತ್ರ ಕಡಿಯಬೇಕು. ಗುರುತಿಗೆ ಕೆಂಪು ಪಟ್ಟಿ ಕಟ್ಟಿರುತ್ತಾರೆ. ಒಂದು ಪಟ್ಟಿ ಗಾಳಿಗೆ ಬಿಚ್ಚಿಕೊಂಡು ಕಾಡಿನದೇ ಎಳೆಗಿಡಕ್ಕೆ ಸುತ್ತಿಕೊಂಡಿತ್ತು. ಗೆರೆ ಕಂಡಲ್ಲಿ ಕತ್ತರಿ ಆಡಿಸಿ ರೂಢಿಯಾದವಳು, ಪಟ್ಟಿ ನೋಡಿದಳು, ಗಿಡ ನೋಡಲಿಲ್ಲ. ಆರು ವರ್ಷದ ಗಿಡ ಕಚಕ್ಕಂತ ಹೋಯಿತು. ಮನೆಗೆ ಬಂದು ಊಟ ಬಿಟ್ಟು ಅತ್ತಿದ್ದಳು.

ಇವತ್ತು ಪರೀಕ್ಷೆ. ಹನ್ನೆರಡು ಪೊದೆ ನಿಯಮದಂತೆ ಕಡಿದರೆ ಕತ್ತರಿ ವಾಪಸ್ಸು, ಇಲ್ಲದಿದ್ದರೆ ಆಸೆ ಬಿಟ್ಟ ಹಾಗೆ. ನೋಡೋಕೆ ಅರಣ್ಯ ಇಲಾಖೆಯ ರೇಂಜರ್ ಮೇಡಂ ಬಂದಿದ್ದರು. ಗುಂಪಿನ ಮುಖಂಡ ಅವಳ ಅಕ್ಕನ ಗಂಡನೇ, ರಿಟೈರಾದ ಮೇಷ್ಟ್ರು. ಪಟ್ಟಿ ಕಟ್ಟಿದ್ದೂ ಅವರೇ.

"ಕೈಗವಸು ತೆಗೀಬಾರದು. ಹತ್ತಡಿ ಒಳಗೆ ಇನ್ನೊಬ್ಬರು ಇರಬಾರದು. ಮೊದಲು ಬಗ್ಗಿ ನೋಡಬೇಕು, ಗೂಡಿದೆಯಾ ಅಂತ," ಎಂದು ಮೇಷ್ಟ್ರು ಆರು ನಿಯಮಗಳನ್ನು ಒಂದೊಂದಾಗಿ ಓದತೊಡಗಿದರು.

"ಬಾಯಿಪಾಠ ಆಗಿದೆ ಭಾವ."

ಹನ್ನೊಂದು ಪೊದೆ ನೀರು ಕುಡಿದಷ್ಟು ಸಲೀಸಾಗಿ ಮುಗಿದವು. ಹನ್ನೆರಡನೆಯದರ ಮುಂದೆ ನಿಂತೇಬಿಟ್ಟಳು. ಎಲೆ ಅದೇ ಥರ, ಮುಳ್ಳೂ ಅದೇ ಥರ, ಪಟ್ಟಿಗೆ ಭದ್ರವಾದ ಗಂಟು. ಆದರೂ ಯಾಕೋ ಮನಸ್ಸು ಒಪ್ಪಲಿಲ್ಲ. ಕೈಗವಸು ತೆಗೆಯೋ ಹಾಗಿಲ್ಲವಲ್ಲ, ಎಲೆಯ ಬೆನ್ನನ್ನು ಕೆನ್ನೆಗೆ ಒತ್ತಿಕೊಂಡಳು, ಮಖಮಲ್ಲು ಅಸಲಿಯೋ ನಕಲಿಯೋ ನೋಡೋ ಹಾಗೆ. ಮುಳ್ಳುಪೊದೆಯ ಎಲೆ ಉಪ್ಪುಕಾಗದದಂತೆ ತರಚುತ್ತೆ. ಇದು ಮೆತ್ತಗಿತ್ತು.

"ಇದನ್ನ ಕಡಿಯಲ್ಲ."

ಮೇಷ್ಟ್ರು ಹುಬ್ಬು ಗಂಟಿಕ್ಕಿದರು. "ಪಟ್ಟಿ ಕಟ್ಟಿದವನು ನಾನು. ನನಗೇ ಪಾಠ ಹೇಳ್ತೀಯಾ? ಒಂದು ಗಿಡಕ್ಕೋಸ್ಕರ ಪರೀಕ್ಷೆ ಕಳ್ಕೋಬೇಡ, ಸುಮ್ನೆ ಕಡಿ."

ಅವಳು ಕೈಲಿದ್ದ ಕತ್ತರಿ ನೋಡಿದಳು. ಕಡಿದರೆ ಕತ್ತರಿ ಖಂಡಿತ ಸಿಗುತ್ತೆ, ತಪ್ಪಾದರೂ ಭಾವನ ತಲೆಮೇಲೆ. ಆದರೆ ಸತ್ತ ಗಿಡಕ್ಕೆ ಅದರಿಂದ ಏನು ಬಂತು?

"ಆರನೇ ನಿಯಮ ಭಾವ. ಅನುಮಾನ ಬಂದ್ರೆ, ಯಾರೇ ಹೇಳಲಿ, ಕತ್ತರಿ ಕೆಳಗಿಡಬೇಕು," ಅಂದವಳೇ ಕೆಳಗಿಟ್ಟಳು.

ರೇಂಜರ್ ಮೇಡಂ ಮಂಡಿಯೂರಿ ಭೂತಗನ್ನಡಿ ಹಿಡಿದರು, ತೊಗಟೆ ಕೆರೆದು ಮೂಸಿದರು. ಕೊನೆಗೆ, "ಕಾಡಿನದೇ ಗಿಡ. ಈ ಕಡೆ ಇದರ ಸಂತತಿಯೇ ಉಳಿದಿಲ್ಲ ಅಂದ್ಕೊಂಡಿದ್ವಿ," ಅಂದರು.

ಮೇಷ್ಟ್ರ ಮುಖ ಇಂಗು ತಿಂದ ಮಂಗನಂತಾಯಿತು. ಆದರೂ ಮನುಷ್ಯ ಪ್ರಾಮಾಣಿಕ. ತಾವೇ ಬಗ್ಗಿ ಆ ಗಂಟು ಬಿಚ್ಚಿದರು, ಜೇಬಿನಲ್ಲಿದ್ದ ಕೆಂಪು ಪಟ್ಟಿಗಳನ್ನೆಲ್ಲ ಅವಳ ಕೈಗಿಟ್ಟರು.

"ಕಡಿಯೋಕೆ ಬೇಕಾದಷ್ಟು ಜನ ಇದ್ದಾರಮ್ಮ. ಯಾವುದನ್ನ ಕಡೀಬೇಕು ಅಂತ ಇನ್ಮೇಲೆ ನೀನೇ ಹೇಳು."

ಖುಷಿಗೆ ದರ್ಜಿಯಮ್ಮನ ಕಣ್ಣಲ್ಲಿ ನೀರು ಬಂತು, ಅದನ್ನವಳು ಮುಚ್ಚಿಡಲೂ ಇಲ್ಲ.

"ಹಾಗಾದ್ರೆ ನಡೀರಿ ಭಾವ. ಕೆಳಗಿನ ಇಳಿಜಾರಲ್ಲಿ ನೀವು ಕಟ್ಟಿರೋದು ಇನ್ನೂ ಎಂಬತ್ತಿದೆ, ಒಂದೊಂದಾಗಿ ನೋಡೋಣ."