ನಲವತ್ತೇಳನೆಯ ಮನೆಯ ಬೀಗ

ಸಾರ್ವಜನಿಕರ ಪರಿಶೀಲನೆಗೆಂದು ಇಟ್ಟ ಪುಸ್ತಕವನ್ನು ಸಾರ್ವಜನಿಕರು ಪರಿಶೀಲಿಸದಂತೆ ಕಾಯುವುದಕ್ಕೂ ಒಬ್ಬ ಗುಮಾಸ್ತನನ್ನು ನೇಮಿಸಬಹುದೆಂಬುದು ನನಗೆ ಎಪ್ಪತ್ನಾಲ್ಕನೆಯ ಇಸವಿಯ ಆಷಾಢದಲ್ಲಿ ತಿಳಿಯಿತು. ಆ ಗುಮಾಸ್ತನ ಹೆಸರು ಶ್ಯಾಮಸುಂದರ. ರಾಜಾಜಿನಗರದ ಬಾಡಿಗೆ ಕಟ್ಟಡವೊಂದರ ಮಹಡಿಯಲ್ಲಿದ್ದ ಸರ್ಕಾರಿ ಕಚೇರಿಯಲ್ಲಿ, ಕಬ್ಬಿಣದ ಬೀರುವಿಗೆ ಬೆನ್ನು ಹಚ್ಚಿಕೊಂಡು ಆತ ಕುಳಿತಿರುತ್ತಿದ್ದ. ಪುಸ್ತಕವಿದ್ದದ್ದು ಆ ಬೀರುವಿನೊಳಗೆ.

ಕಾಮಾಕ್ಷಿಪಾಳ್ಯದ ಹಿಂಬದಿಯ ಇನ್ನೂರ ಹದಿನಾಲ್ಕು ಮನೆಗಳನ್ನು ಎಣಿಸಿ, ಮನೆಗೊಂದು ಸಾಲಿನಂತೆ ಅದರಲ್ಲಿ ಬರೆದಿದ್ದರು. ಜನ ವಾಸವಿದ್ದಾರೆಂದು ಪುಸ್ತಕ ಹೇಳಿದ ಮನೆಗೆ ಹಕ್ಕುಪತ್ರ. ಇಲ್ಲವೆಂದರೆ ಆ ಗೋಡೆ ಕೆಡವಿ ರಸ್ತೆ. ತಪ್ಪಿದ್ದರೆ ತಕರಾರು ಸಲ್ಲಿಸಲು ಹದಿನೈದು ದಿನಗಳ ಗಡುವು.

ನಮ್ಮ ಮನೆಯಲ್ಲಿ ಒಂಬತ್ತು ವರ್ಷಗಳಿಂದ ಪಾತ್ರೆ ತೊಳೆಯುತ್ತಿದ್ದ ರಾಮಕ್ಕನದು ಅಲ್ಲಿ ಒಂದು ತಗಡಿನ ಮನೆ. ಗಂಡ ತೀರಿಕೊಂಡಿದ್ದ, ಮೂವರು ಮಕ್ಕಳು. "ಬುಕ್ಕಲ್ಲಿ ನಮ್ಮನೆ ಹೆಂಗೈತೋ ಒಂದ್ಕಿತ ನೋಡ್ಕಂಡು ಬನ್ನಿ ಅಯ್ನೋರೇ," ಎಂದಳು. "ನಮ್ ಸಂಗದ ದೊಡ್ಡಹನುಮಯ್ಯ ಹೋಗಿದ್ದಕ್ಕೆ, ಓದಕ್ ಬರಲ್ಲ ನಿಂಗೆ, ನೋಡಿ ಏನ್ ಮಾಡ್ತೀಯ ಅಂತ ಅಟ್ಬುಟ್ರಂತೆ."

ಮೂವತ್ತೆರಡು ವರ್ಷ ಪ್ರೌಢಶಾಲೆಯಲ್ಲಿ ಕನ್ನಡ ಪಂಡಿತನಾಗಿದ್ದವನು ನಾನು. ನನ್ನನ್ನು ಅಟ್ಟುವುದು ಸಾಧ್ಯವಿರಲಿಲ್ಲ. ಶ್ಯಾಮಸುಂದರ ಬೇರೊಂದು ಉಪಾಯ ಹುಡುಕಿದ.

"ಮೂರರಿಂದ ನಾಲ್ಕು ಗಂಟೆ ತನಕ ಸಾರ್. ನೋಡಬಹುದು, ಬರ್ಕೊಳ್ಳೋ ಹಾಗಿಲ್ಲ."

"ಬರ್ಕೊಳ್ಳದೆ ನೋಡಿ ಏನ್ರೀ ಪ್ರಯೋಜನ?"

"ಅದು ರೂಲ್ಸಲ್ಲಿ ಹೇಳಿಲ್ಲ ಸಾರ್. ಪೆನ್ನು ಈ ಕಡೆ ಕೊಡಿ."

ಪುಸ್ತಕ ತೆರೆದಾಗ ಇನ್ನೊಂದು ಅಧ್ವಾನ. ಅದರಲ್ಲಿ ಯಾರ ಹೆಸರೂ ಇರಲಿಲ್ಲ. ಪೂರ್ವದ ಮೋರಿಯಿಂದ ಆರಂಭಿಸಿ ಒಂದು, ಎರಡು, ಮೂರು ಎಂಬ ಸಂಖ್ಯೆಗಳು, ಸೂರು ಯಾವುದರದು, ಜನ ಎಷ್ಟು, ಇಷ್ಟೇ. ಆ ಸಂಖ್ಯೆಗಳನ್ನು ಬಾಗಿಲುಗಳ ಮೇಲೆ ಬರೆಯುವ ಕಷ್ಟವನ್ನು ಯಾರೂ ತೆಗೆದುಕೊಂಡಿರಲಿಲ್ಲ. ರಾಮಕ್ಕನ ಮನೆ ಯಾವ ಸಂಖ್ಯೆಯೆಂದು ರಾಮಕ್ಕನಿಗೂ ತಿಳಿಯದು, ನನಗೂ ತಿಳಿಯದು. ಶ್ಯಾಮಸುಂದರನಿಗೆ ತಿಳಿಯಬೇಕಾದ ಅಗತ್ಯವೇ ಇರಲಿಲ್ಲ.

ಬಾಲ್ಯದಲ್ಲಿ ಮಠದ ಪಾಠಶಾಲೆಯಲ್ಲಿ ನಮ್ಮ ಗುರುಗಳು, ಪಾಠ ಬಾಯಿಗೆ ಬರುವ ತನಕ ಪುಸ್ತಕ ಮುಟ್ಟಗೊಡುತ್ತಿರಲಿಲ್ಲ. ಆ ಶಿಕ್ಷೆ ಅರವತ್ತನೆಯ ವಯಸ್ಸಿನಲ್ಲಿ ಸರ್ಕಾರಿ ಮಹಡಿಯ ಮೇಲೆ ಉಪಯೋಗಕ್ಕೆ ಬಂದೀತೆಂದು ನಾನು ಎಣಿಸಿರಲಿಲ್ಲ. ದಿನಕ್ಕೆ ಮೂವತ್ತಾರು ಮನೆಗಳನ್ನು ಭಾಮಿನಿ ಷಟ್ಪದಿಯ ಲಯಕ್ಕೆ ಹೊಂದಿಸಿ ಕಂಠಸ್ಥ ಮಾಡಿಕೊಂಡೆ. ಕೆಲವು ಮನೆಗಳ ಮುಂದೆ 'ಬೀಗ, ವಾಸವಿಲ್ಲ' ಎಂದಿತ್ತು. 'ಬೀಗ' ಎಂಬುದು ಸಾಲಿನ ಕೊನೆಗೆ ಎಷ್ಟು ಅಚ್ಚುಕಟ್ಟಾಗಿ ಕೂರುತ್ತಿತ್ತೆಂದರೆ, ಆ ಮಾತು ಬಂದಾಗಲೆಲ್ಲ ನನಗೆ ಸಂತೋಷವಾಗುತ್ತಿತ್ತು. ಇದನ್ನು ಈಗ ಬರೆಯಲು ನಾಚಿಕೆಯಾಗುತ್ತದೆ.

ಐದನೆಯ ದಿನ ನನ್ನ ಹೆಂಡತಿ ನೀಲಗಂಗಮ್ಮನ ತಾಳ್ಮೆ ತಪ್ಪಿತು. "ಪೂಜೆಗೆ ಕೂತ್ರೂ ಹೆಂಚು, ತಗಡು, ಸೋಗೆ ಅಂತ ಗೊಣಗ್ತಾ ಇದೀರಲ್ಲ! ಅಂಗೈ ಮೇಲಿನ ಲಿಂಗಯ್ಯ ಎದ್ದು ಬೇರೆ ಬಾಡಿಗೆ ಮನೆ ಹುಡುಕ್ಕೊಂಡು ಹೋಗ್ತಾನೆ, ನೋಡ್ತಾ ಇರಿ."

ಆರನೆಯ ದಿನಕ್ಕೆ ಪುಸ್ತಕ ಮುಗಿಯಿತು. ಮರುದಿನ ಭಾನುವಾರ. ಮಧ್ಯಾಹ್ನ ಮಾರಮ್ಮನ ಗುಡಿಯ ಮುಂದೆ ಜನ ಸೇರಿದರು. ದೊಡ್ಡಹನುಮಯ್ಯನೆಂಬ ಆ ಸಂಘದ ಅಧ್ಯಕ್ಷ ಎರಕದ ಕಾರ್ಖಾನೆಯ ಕೆಲಸಗಾರ. ಓದು ಬಾರದಿದ್ದರೂ ಬುದ್ಧಿ ಚುರುಕು. ಮೋರಿಯ ಪಕ್ಕದ ಮನೆಯವರು ಮೊದಲು, ಅವರ ಪಕ್ಕದವರು ಆಮೇಲೆ, ಹೀಗೆ ಮನೆಗಳಿದ್ದ ಕ್ರಮದಲ್ಲೇ ಮನೆಗೊಬ್ಬರಂತೆ ಕೂರಿಸಿದ. ನಾನು ಭಾರತವಾಚನದ ರೀತಿಯಲ್ಲಿ ಒಂದೊಂದು ಸಾಲನ್ನೂ ರಾಗವಾಗಿ ಓದುವುದು, ಆತ ಅರ್ಥ ಹೇಳುವುದು ಎಂದಾಯಿತು. ಓದುವುದಕ್ಕೆ ಪುಸ್ತಕವಿರಲಿಲ್ಲ ಎಂಬುದೊಂದೇ ಕೊರತೆ.

"ಹನ್ನೆಲ್ಡನೇ ಮನೆ, ಹೆಂಚು, ಆರು ಜನ ಅಂತವ್ರೆ ಪಂಡಿತ್ರು. ಅಂಜಮ್ಮ, ಸರೀನಾ?"

"ಏಳು ಕಣಣ್ಣ. ಒಂದು ಆಮ್ಯಾಕೆ ಹುಟ್ಟಿದ್ದು."

"ಗೌರ್‌ಮೆಂಟು ಬರೋ ಮುಂಚೇನೇ ಹೆರೋಕೇನಾಗಿತ್ತು ನಿಂಗೆ?"

ಜನ ನಕ್ಕರು. ನನಗೂ ಹುರುಪು ಬಂದು ಸ್ವರ ಏರಿಸಿದೆ. ನಲವತ್ತೇಳನೆಯ ಸಾಲನ್ನು ಎಳೆದು ಹಾಡಿ 'ಬೀಗ' ಎಂದು ನಿಲ್ಲಿಸಿದೆ.

"ನಲವತ್ತೇಳು, ತಗಡು, ಬೀಗ ಹಾಕೈತೆ, ಯಾರೂ ಇಲ್ಲ," ಎಂದ ದೊಡ್ಡಹನುಮಯ್ಯ ತಲೆಯೆತ್ತಿ ನೋಡಿದ. ಯಾರೂ ಇಲ್ಲದ ಆ ಸ್ಥಳದಲ್ಲಿ ರಾಮಕ್ಕ ಕುಳಿತಿದ್ದಳು.

"ನಾನೇ ಅಯ್ನೋರೇ ಅದು," ಎಂದಳು. "ನಾವು ನಾಲ್ಕು ಜನ ಇದೀವಲ್ಲ. ಯಾವತ್ತು ಬಂದಿದ್ರಂತೆ ಅವ್ರು?"

ಪುಟದ ನೆತ್ತಿಯ ಮೇಲೆ ಇದ್ದದ್ದು ನೆನಪಾಯಿತು. ಛಂದಸ್ಸಿಗೆ ಹೊಂದಲಿಲ್ಲವೆಂದು ಬಿಟ್ಟಿದ್ದೆ. "ಮಂಗಳವಾರ, ಬೆಳಿಗ್ಗೆ ಹತ್ತರಿಂದ ಹನ್ನೆರಡು."

"ಮಕ್ಳು ಇಸ್ಕೂಲ್ಗೆ ಹೋಗಿರ್ತವೆ. ಆ ಹೊತ್ನಾಗೆ ನಾನು ನಿಮ್ಮನೇಲೇ ಪಾತ್ರೆ ಬೆಳಗ್ತಾ ಇರ್ತೀನಲ್ಲ ಅಯ್ನೋರೇ. ನೀವೇ ನೋಡಿರ್ತೀರ."

ನೋಡಿದ್ದೆ. ಒಂಬತ್ತು ವರ್ಷಗಳಿಂದ, ಜಗಲಿಯ ಮೇಲೆ ಕುಳಿತು ಓದುವಾಗ, ಹಿತ್ತಲಲ್ಲಿ ಪಾತ್ರೆಗಳ ಸದ್ದು ಕೇಳಿದಾಗಲೆಲ್ಲ ಹತ್ತು ಗಂಟೆಯಾಯಿತೆಂದು ತಿಳಿಯುತ್ತಿದ್ದವನು ನಾನು.

ಮುಂದೆ ಹಾಡುವ ಮನಸ್ಸಾಗಲಿಲ್ಲ. ಬರಿಯ ಮಾತಿನಲ್ಲಿ ಒಪ್ಪಿಸುತ್ತಾ ಹೋದೆ. ಬೀಗ ಬಂದಲ್ಲೆಲ್ಲ ಒಬ್ಬರು ಕುಳಿತಿದ್ದರು: ಬಟ್ಟೆ ಹೊಲಿಯಲು ಹೋಗುವವರು, ಲೇತ್ ಶೆಡ್ಡಿಗೆ ಹೋಗುವವರು, ಬಸವೇಶ್ವರನಗರದ ಮನೆಗಳಲ್ಲಿ ನೆಲ ಒರೆಸುವವರು. ಒಟ್ಟು ಮೂವತ್ತೊಂದು. ದುಡಿಯುವವರೇ ಊರಿನಲ್ಲಿಲ್ಲವೆಂದು ಪುಸ್ತಕ ಸಾಧಿಸಿತ್ತು. ಆ ಅಪದ್ಧವನ್ನು ನಾನು ತಾಳ ಹಾಕಿ ಕಂಠಪಾಠ ಮಾಡಿದ್ದೆ.

ಗಡುವಿಗೆ ಮೂರು ದಿನ ಉಳಿದಿತ್ತು. ಮೂವತ್ತೊಂದು ತಕರಾರು ಅರ್ಜಿಗಳನ್ನು ಬರೆದೆ. ಆ ಹೊತ್ತಿನಲ್ಲಿ ಇಂಥವರು ನಮ್ಮಲ್ಲಿ ಕೆಲಸದ ಮೇಲಿದ್ದರೆಂಬ ಸಹಿಗಳನ್ನು ದೊಡ್ಡಹನುಮಯ್ಯ ಕೂಲಿ ಬಿಟ್ಟು ಬೀದಿ ಬೀದಿ ಅಲೆದು ತಂದ. ರಾಮಕ್ಕನ ಅರ್ಜಿಗೆ ನಾನೇ ಸಹಿ ಹಾಕಿದೆ.

ಶ್ಯಾಮಸುಂದರ ಅರ್ಜಿಗಳನ್ನು ತಿರುವಿ ಹಾಕಿ, "ಪ್ರತಿ ಮಾಡ್ಕೊಂಡಿದೀರಿ ಅಂತಾಯ್ತು ಪಂಡಿತ್ರೇ. ಇಲ್ದಿದ್ರೆ ಇಷ್ಟು ಕರೆಕ್ಟಾಗಿ ನಂಬರ್ ಹೇಗೆ ಬಂತು? ಇದನ್ನ ತಗೊಳ್ಳೋಕಾಗಲ್ಲ," ಎಂದ.

"ಒಂದಕ್ಷರ ಬರ್ಕೊಂಡಿಲ್ಲ," ಎಂದೆ. ನಿಂತಲ್ಲೇ ಒಂದನೆಯ ಮನೆಯಿಂದ ಆರಂಭಿಸಿದೆ, ರಾಗ ಸಮೇತ. ಪಕ್ಕದ ಕೋಣೆಯ ಟೈಪಿಸ್ಟರು ಬಂದು ಬಾಗಿಲಲ್ಲಿ ನಿಂತರು. ಹದಿನೆಂಟನೆಯ ಮನೆಗೆ ಬರುವಷ್ಟರಲ್ಲಿ ಶ್ಯಾಮಸುಂದರ ಅರ್ಜಿಗಳಿಗೆ ಮುದ್ರೆ ಒತ್ತತೊಡಗಿದ.

"ನಿಲ್ಲಿಸಿ ಸಾರ್, ದಮ್ಮಯ್ಯ! ಮುಂದಿನ ಮಂಗಳವಾರ ಮತ್ತೆ ಸ್ಥಳ ಪರಿಶೀಲನೆ. ಬೆಳಿಗ್ಗೆ ಹತ್ತರಿಂದ ಹನ್ನೆರಡು."

"ಅದೇ ಹೊತ್ತಲ್ಲಿ ಅವರು ಮನೇಲಿರಲ್ಲ ಅಂತ ತಾನೇ ರೀ ಇಷ್ಟು ಹೊತ್ತೂ ನಾನು ಒದರಿದ್ದು?"

"ಆಫೀಸ್ ಟೈಮ್ ಅದು ಸಾರ್. ನಮಗೂ ಹೆಂಡ್ತಿ ಮಕ್ಕಳಿಲ್ವೇ?"



ಸಹಿ ಹಾಕಿದ್ದ ಮನೆಗಳಿಗೂ ಶೆಡ್ಡುಗಳಿಗೂ ಮತ್ತೊಮ್ಮೆ ಅಲೆದು, ಆ ದಿನಕ್ಕೆ ರಜೆ ಕೇಳಿದೆವು. ಇಬ್ಬರು ಒಡೆಯರು ಬೈದು ಕೊಟ್ಟರು. ರಾಮಕ್ಕನಿಗೆ ಬರಬೇಡವೆಂದು ನಾನೇ ಹೇಳಿದೆ. ನೀಲಗಂಗಮ್ಮನಿಗೆ ಸೊಂಟ ಹಿಡಿದಿತ್ತು. ಹೀಗಾಗಿ ಮಂಗಳವಾರ ಹತ್ತು ಗಂಟೆಗೆ ಪಂಚೆ ಎತ್ತಿ ಕಟ್ಟಿ, ಹುಣಸೆಹಣ್ಣು, ಬೂದಿ ಹಿಡಿದು ಹಿತ್ತಲಿನ ಕಲ್ಲಿನ ಮುಂದೆ ಕುಳಿತವನು ನಾನೇ. ಒಂದು ಹಿತ್ತಾಳೆ ಪಾತ್ರೆಯ ತಳಕ್ಕೆ ಒಂದು ತಾಸು ಹಿಡಿಯುತ್ತದೆಂದು ಯಾವ ಗುರುವೂ ನನಗೆ ಹೇಳಿಕೊಟ್ಟಿರಲಿಲ್ಲ. ಅಷ್ಟು ಹೊತ್ತೂ ರಾಮಕ್ಕನ ತಗಡಿನ ಮನೆಯ ಬಾಗಿಲೇ ಕಣ್ಣ ಮುಂದಿತ್ತು. ಪರಿಶೀಲನೆಯವರು ಬಂದರೋ ಇಲ್ಲವೋ, ಕಾದು ಬೇಸತ್ತು ಆಕೆ ನೀರಿಗೆಂದು ನಲ್ಲಿಯ ಕಡೆ ಹೋದ ಗಳಿಗೆಯಲ್ಲೇ ಬಂದರೋ ಎಂದುಕೊಳ್ಳುತ್ತಾ ಉಜ್ಜಿದ್ದನ್ನೇ ಉಜ್ಜಿದೆ.

ಬುಧವಾರ ರಾಮಕ್ಕ ಹತ್ತು ಗಂಟೆಗೆ ಬಂದಳು. "ಬಂದಿದ್ರು ಅಯ್ನೋರೇ. ಹತ್ಗಂಟೆ ಅಂದೋರು ಒಂದೂವರೆಗೆ ಬಂದ್ರು. ಹೊಸಲು ಬುಟ್ಟು ಕದಲಿಲ್ಲ ನಾನು, ನೀರಿಗೂ ಹೋಗ್ನಿಲ್ಲ. ತಗಡು, ನಾಲ್ಕು ಜನ ಅಂತ ಬರ್ಕಂಡ್ರು. ಬರ್ದಿದ್ದನ್ನ ಎಲ್ಡೆಲ್ಡು ಕಿತ ಓದಿಸ್ದೆ."

ಸೆರಗು ಸಿಕ್ಕಿಸಿ ಹಿತ್ತಲಿಗೆ ಹೋದಳು. ಕವುಚಿಟ್ಟಿದ್ದ ಹಿತ್ತಾಳೆ ಪಾತ್ರೆಯನ್ನು ಎತ್ತಿ, ಬಿಸಿಲಿಗೆ ಹಿಡಿದು, ತಳದ ಮೇಲೆ ಬೆರಳಾಡಿಸಿದಳು.

"ಅವ್ವಾರೇ, ಇದನ್ನ ಯಾರು ತೊಳ್ದಿದ್ದು?"

ಒಳಗಿನಿಂದ ನೀಲಗಂಗಮ್ಮ ನನ್ನ ಹೆಸರು ಹೇಳಲಿಲ್ಲ. ರಾಮಕ್ಕ ನನ್ನ ಕಡೆ ಒಮ್ಮೆ ನೋಡಿ, ಬೂದಿ ತೆಗೆದುಕೊಂಡು ಮೊದಲಿನಿಂದ ಉಜ್ಜತೊಡಗಿದಳು.